ಬಿಜೈಗೆ ಹೋದ ಸಂಜೆಗಳು

ಕಳೆದ ಭಾನುವಾರ ಮಸ್ಕತ್ತಿನಿಂದ ವಿಡಿಯೋ ಕಾಲ್ ಮಾಡಿದಾಗ ನೀವಿಬ್ಬರೂ ಸೇರಿ ನನಗೊಂದು ಪ್ರಶ್ನೆ ಹಾಕಿದಿರಿ. ಅಜ್ಜಿಯ ಮನೆ ಶಕ್ತಿನಗರದಲ್ಲಿ, ಅಲ್ಲೇ ಫುಟ್‌ಬಾಲ್ ಕ್ಲಬ್ ಕೂಡ ಇದೆ, ಹಾಗಿದ್ದರೆ ಅಕ್ಕ ಯಾಕೆ ಬಿಜೈಗೆ ಹೋಗಿ ಆಡುತ್ತಾಳೆ ಎಂದು. ನಾನು "ಅಲ್ಲಿ ಒಳ್ಳೆಯದುಂಟಂತೆ" ಎಂದಷ್ಟೇ ಹೇಳಿ ಫೋನನ್ನು ನಿಮ್ಮ ಅತ್ತೆಯ ಕೈಗೆ ಕೊಟ್ಟುಬಿಟ್ಟೆ. ಸುತ್ತಲೂ ಎಲ್ಲರೂ ಕೂತಿದ್ದರು. ನಾಲ್ಕು ಜನರ ಎದುರು ಬಾಯಿ ತೆರೆಯುವುದೆಂದರೆ ಹಳ್ಳಿಯ ಶಾಲೆಯಲ್ಲಿ ಕಲಿಯುವಾಗಿನಿಂದಲೂ ನನಗೆ ಕಷ್ಟ. ಬರೆಯುವುದಾದರೆ ಅಷ್ಟು ಹೆದರಿಕೆಯಿಲ್ಲ, ಯಾರೂ ನನ್ನ ಮುಖ ನೋಡುತ್ತಿರುವುದಿಲ್ಲ. ಆದ್ದರಿಂದ ಉತ್ತರವನ್ನು ಬರೆದೇ ಕಳಿಸುತ್ತಿದ್ದೇನೆ.

ಈ ಕ್ಲಬ್ಬಿನ ಮಾತು ಬಂದಾಗ ನಿಮ್ಮ ಅಕ್ಕನಿಗೆ ಹನ್ನೊಂದು ನಡೆಯುತ್ತಿತ್ತು. ಅವಳ ಅಮ್ಮ, ಅಂದರೆ ನನ್ನ ಮಗಳು, ನಿಮ್ಮ ಅತ್ತೆ, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಳಿಯನ ಕೆಲಸ ಸುರತ್ಕಲ್ ಕಡೆ. ಇಬ್ಬರೂ ಮನೆ ಸೇರುವಾಗ ಕತ್ತಲಾಗುತ್ತದೆ. ಅವರ ಫ್ಲ್ಯಾಟ್ ನನ್ನ ಮನೆಯಿಂದ ಎರಡು ತಿರುವು ಕೆಳಗೆ ಇರುವುದರಿಂದ ಶಾಲೆಯ ವ್ಯಾನು ಹುಡುಗಿಯನ್ನು ನನ್ನ ಗೇಟಿನ ಹತ್ತಿರವೇ ಇಳಿಸುತ್ತಿತ್ತು. ಅವಳು ಚೀಲವನ್ನು ಜಗಲಿಯ ಮೇಲೆ ಎಸೆದು, "ಅಜ್ಜಿ, ತಿನ್ನಲಿಕ್ಕೆ ಎಂತ ಉಂಟು?" ಎಂದು ಕೇಳುತ್ತಲೇ ಒಳಗೆ ನುಗ್ಗುವಳು. ಒಂದು ದಿನ ಗೋಳಿಬಜೆ, ಒಂದು ದಿನ ಹೆಸರುಕಾಳಿನ ಪಾಯಸ, ಏನೂ ಇಲ್ಲದ ದಿನ ಅವಲಕ್ಕಿಗೆ ತೆಂಗಿನಕಾಯಿ ಮತ್ತು ಬೆಲ್ಲ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನ್ನ ದಿನಕ್ಕೆ ಬೆಳಗು ಯಾವುದು ಮಧ್ಯಾಹ್ನ ಯಾವುದು ಎಂಬುದೇ ಇರಲಿಲ್ಲ. ಆ ವ್ಯಾನಿನ ಹಾರನ್ನು ಕೇಳುವ ಹೊತ್ತೊಂದನ್ನು ಮಾತ್ರ ನಾನು ಕಾಯುತ್ತಿದ್ದೆ. ಅವಳ ಅಮ್ಮ ಬಂದು ಕರೆದುಕೊಂಡು ಹೋಗುವವರೆಗೆ ಆ ಸಂಜೆ ನನ್ನದು.

ಇದು ಹೀಗಿರುವಾಗ ಶಾಲೆಯ ಪಿ.ಟಿ. ಮಾಸ್ಟ್ರು ಮಗಳಿಗೆ ಫೋನ್ ಮಾಡಿದರು. ಈ ಹುಡುಗಿಗೆ ಗೋಲಿನಲ್ಲಿ ನಿಲ್ಲುವ ಧೈರ್ಯ ಇದೆ, ಕೈ ಉದ್ದ ಇದೆ, ಒಳ್ಳೆಯ ಕ್ಲಬ್ಬಿಗೆ ಹಾಕಿದರೆ ಮುಂದೆ ಜಿಲ್ಲೆಯ ಟೀಮಿಗೆ ಹೋದಾಳು ಎಂದರು. ನಾನು ಸಂತೋಷಪಟ್ಟೆ. ಆ ಸಂತೋಷ ಅದೇ ರಾತ್ರಿ ಊಟದ ಹೊತ್ತಿಗೆ ಮುಗಿಯಿತು.

ಅಳಿಯ ಸುರತ್ಕಲ್‌ನಲ್ಲಿ ಒಂದು ಕ್ಲಬ್ ಇದೆ, ತಾನು ಕೆಲಸ ಮುಗಿಸಿ ಕರೆದುಕೊಂಡು ಬರಬಹುದು ಎಂದ. "ದಿನಾ ಹೈವೇಯಲ್ಲಿ ಆ ಲಾರಿಗಳ ನಡುವೆಯಾ? ಬೇಡ ಮಾರಾಯ್ರೆ" ಎಂದಳು ಮಗಳು. ಅಲ್ಲಿಗೆ ಸುರತ್ಕಲ್ ಹೋಯಿತು. ಉಳಿದದ್ದು ಎರಡು: ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಶಕ್ತಿನಗರದ ಕೆಂಪು ಮಣ್ಣಿನ ಮೈದಾನದಲ್ಲಿ ಆಡುವ ಕ್ಲಬ್, ಇನ್ನೊಂದು ಬಿಜೈಯಲ್ಲಿ ಬಲೆ ಕಟ್ಟಿದ, ಪ್ಲಾಸ್ಟಿಕ್ ಹುಲ್ಲಿನ ಟರ್ಫಿನಲ್ಲಿ ಆಡುವ ಕ್ಲಬ್. ಬಿಜೈಯ ಆ ಟರ್ಫಿನ ಹಿಂದಿನ ಬೀದಿಯಲ್ಲೇ ಅಳಿಯನ ತಾಯಿಯ ಫ್ಲ್ಯಾಟ್ ಇದೆ. ಬಿಜೈಗೆ ಸೇರಿಸಿದರೆ ವ್ಯಾನು ಹುಡುಗಿಯನ್ನು ಅಲ್ಲಿ ಇಳಿಸುತ್ತದೆ. ಅವಳು ಅಲ್ಲಿಯೇ ತಿಂದು, ಬಟ್ಟೆ ಬದಲಿಸಿ, ಆಡಿ, ಅಪ್ಪನೊಟ್ಟಿಗೆ ಮನೆಗೆ ಬರುವಾಗ ನಿದ್ದೆಯ ಹೊತ್ತು. ಯಾರೂ ನನ್ನ ಹತ್ತಿರ ಹೀಗೆ ಬಿಡಿಸಿ ಹೇಳಲಿಲ್ಲ. ನಾನೇ ಚಪಾತಿ ಲಟ್ಟಿಸುತ್ತಾ ಲೆಕ್ಕ ಹಾಕಿಕೊಂಡೆ. ಕ್ಲಬ್ ಆರಿಸುವುದೆಂದರೆ ಆ ಮನೆಯಲ್ಲಿ ಅಜ್ಜಿಯನ್ನು ಆರಿಸುವುದೇ ಆಗಿತ್ತು.

ಅಳಿಯನ ತಾಯಿ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದವರು. ಹಿಂದೆ ಗದ್ದೆ ತೋಟ ಇದ್ದ ಮನೆತನ, ಈಗ ಆ ಮನೆಯವರಿಗೆ ಹೋಟೆಲುಗಳಿವೆ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುವುದು. ಬೀಗಿತ್ತಿಯಾದ ನಾನೂ ಹಾಗೆಯೇ ಕರೆಯುತ್ತೇನೆ. ಅವರು ಎದುರು ಬಂದು ಕೂತರೆ ನನ್ನ ಕೈ ತಾನಾಗಿ ಸೆರಗನ್ನು ಸರಿಮಾಡಿಕೊಳ್ಳುತ್ತದೆ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮಗಳು ಅವರ ಜೊತೆ ಫೋನಿನಲ್ಲಿ ಮಾತಾಡುವಾಗ ಗಟ್ಟಿಯಾಗಿ ನಗುತ್ತಾಳೆ. ನನ್ನ ಜೊತೆ ಮಾತಾಡುವಾಗ "ಹಾಂ ಅಮ್ಮ, ಸರಿ ಅಮ್ಮ" ಎನ್ನುತ್ತಾಳೆ. ಆ ನಗುವನ್ನು ಕೇಳಿದಾಗಲೆಲ್ಲ ನಾನು ಪಾತ್ರೆ ಸ್ವಲ್ಪ ಜೋರಾಗಿಯೇ ತೊಳೆಯುವುದುಂಟು.

ನನಗೆ ಒಂದು ಧೈರ್ಯ ಇತ್ತು. ನಮ್ಮದು ಅಳಿಯಕಟ್ಟಿನ ಮನೆತನ. ಮಕ್ಕಳಿಗೆ ಬರುವುದು ತಾಯಿಯ ಬರಿ, ಅಂದರೆ ತಾಯಿಯ ಕಡೆಯ ಕುಲ. ಆ ಲೆಕ್ಕದಲ್ಲಿ ಮಗಳ ಮಗಳು ನನ್ನ ಮನೆಯವಳು. ಟೀಚರ್ ಎಷ್ಟು ಮುದ್ದು ಮಾಡಿದರೂ ಅವಳು ಅವರ ಮನೆಯವಳಲ್ಲ. ಈ ಮಾತನ್ನು ನಾನು ಮನಸ್ಸಿನಲ್ಲಿ ತುಂಬ ಸಲ ಹೇಳಿಕೊಂಡೆ. ಹೇಳಿಕೊಳ್ಳುವಾಗ ನಿಮ್ಮಿಬ್ಬರ ನೆನಪೂ ಬಂತು. ನೀವು ನನ್ನ ಮಗನ ಮಕ್ಕಳು, ನಿಮ್ಮ ಬರಿ ನಿಮ್ಮ ಅಮ್ಮನದ್ದು. ನಿಮ್ಮ ಲೆಕ್ಕದಲ್ಲಿ ನೋಡಿದರೆ ನಾನೇ ಆ ಬಿಜೈಯ ಅಜ್ಜಿ. ಆ ಯೋಚನೆ ಬಂದ ಕೂಡಲೇ ಎದ್ದು ಒಗೆದ ಬಟ್ಟೆ ಒಣಗಿಸಲು ಹೋದೆ.

ಮೊದಲು ಶಕ್ತಿನಗರದಲ್ಲಿ ಕೆಲವು ದಿನ ಆಡಿ ನೋಡುವುದು, ಆಮೇಲೆ ಬಿಜೈಯಲ್ಲಿ, ಮತ್ತೆ ತೀರ್ಮಾನ ಎಂದು ಮಗಳು ಹೇಳಿದಳು. ಶಕ್ತಿನಗರಕ್ಕೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ಕಲ್ಲಿನ ಮೇಲೆ ಕೂರುತ್ತಿದ್ದೆ. ಆಟ ನನಗೆ ತಿಳಿಯುವುದಿಲ್ಲ. ಹುಡುಗರೇ ಹೆಚ್ಚು, ಹುಡುಗಿಯರು ಬೆರಳೆಣಿಕೆ. ಕೋಚ್ ಒಳ್ಳೆಯ ಮನುಷ್ಯ, ಆದರೆ ಅವರ ಕಣ್ಣೆಲ್ಲ ಗೋಲು ಹೊಡೆಯುವವರ ಮೇಲೆ. ನಮ್ಮ ಹುಡುಗಿ ಕಂಬದ ನಡುವೆ ಇನ್ನೊಂದು ಕಂಬದ ಹಾಗೆ ನಿಂತಿರುವಳು. ಬಾಲು ಬಂದಾಗ ಒಮ್ಮೆಲೇ ಕೆಂಪು ಮಣ್ಣಿಗೆ ಬೀಳುವಳು. ನನಗೆ ಅದೂ ಚೆಂದ ಕಾಣುತ್ತಿತ್ತು, ಆಟ ಮುಗಿದ ಮೇಲೆ ನನ್ನ ಕೈ ಹಿಡಿದು ಏರು ಹತ್ತುತ್ತಾಳಲ್ಲ, ಅದಕ್ಕಾಗಿ.

ಒಂದು ಸಂಜೆ ಮನೆಗೆ ಬಂದು ಸ್ನಾನಕ್ಕೆ ನೀರು ಕೊಡುವಾಗ ನೋಡಿದೆ, ಅವಳ ಸೊಂಟದ ಮೂಳೆಯ ಮೇಲೆ ಅಂಗೈಯಗಲ ಚರ್ಮ ಸುಲಿದುಹೋಗಿತ್ತು. ಮಣ್ಣಿನ ಹರಳು ಇನ್ನೂ ಅಂಟಿಕೊಂಡಿತ್ತು. ನಾನು ತೊಳೆದು ತೆಂಗಿನೆಣ್ಣೆ ಹಚ್ಚಿದೆ. ಅವಳು ಹಲ್ಲು ಕಚ್ಚಿಕೊಂಡು ನಿಂತಳು, ಅಳಲಿಲ್ಲ.

"ನಾಳೆ ಹೋಗುವುದು ಬೇಡ" ಎಂದೆ.

"ಹೋಗದಿದ್ರೆ ಬೇರೆಯವರನ್ನು ನಿಲ್ಲಿಸ್ತಾರೆ ಅಜ್ಜಿ."

ಮರುದಿನವೂ ಹೋದಳು. ಅದರ ಮರುದಿನ ಮಳೆ ಬಂದು ಮೈದಾನ ಕೆರೆಯಾಯಿತು, ಆಟ ಇಲ್ಲ. ಅದೇ ವಾರ ಬಿಜೈಯ ಸರದಿ ಬಂತು. ಒಳಗಿನ ಮಾತು ಹೇಳುವುದಾದರೆ, ಬಿಜೈಯಲ್ಲೂ ಅಷ್ಟೇ ಮಳೆ ಬರಲಿ ಎಂದು ದೀಪ ಹಚ್ಚುವಾಗ ಕೇಳಿಕೊಂಡೆ. ಮಳೆ ಬಂತು ಕೂಡ. ಆದರೆ ಅಲ್ಲಿ ಮಳೆ ಬಂದರೂ ನೀರು ಕೆಳಗೆ ಇಂಗಿಹೋಗುತ್ತದಂತೆ, ಆಟ ನಿಲ್ಲುವುದಿಲ್ಲವಂತೆ. ಅಲ್ಲಿಯ ನೆಲಕ್ಕೂ ಸೊಕ್ಕು ಎಂದುಕೊಂಡೆ.

ಬಿಜೈಗೆ ನಾನೂ ಒಂದು ದಿನ ಬಸ್ಸು ಹಿಡಿದು ಹೋದೆ. ಸುತ್ತ ಎತ್ತರದ ಬಲೆ, ಹಗಲಿನ ಹಾಗೆ ಲೈಟು, ನೋಡುವವರಿಗೆ ಪ್ಲಾಸ್ಟಿಕ್ ಕುರ್ಚಿ. ಟೀಚರ್ ಮುಂದಿನ ಸಾಲಿನಲ್ಲಿ ಸೀರೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡು ಕೂತಿದ್ದರು. ಪಕ್ಕದ ಹೆಂಗಸಿನ ಜೊತೆ ಇಂಗ್ಲಿಷಿನಲ್ಲಿ ಏನೋ ಹೇಳಿ ನಗುತ್ತಿದ್ದವರು ನನ್ನನ್ನು ಕಂಡು ಎದ್ದು ನಿಂತರು.

"ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ. ನಮ್ಮ ಹುಡುಗಿ ಎಷ್ಟು ಚೆಂದ ಡೈವ್ ಮಾಡ್ತಾಳೆ ನೋಡಿ!"

ನಮ್ಮ ಹುಡುಗಿ. ನಾನು "ಹೌದು ಟೀಚರ್" ಎಂದು ಕುರ್ಚಿಯ ತುದಿಯಲ್ಲಿ ಕೂತೆ.

ಮೂಲೆಯ ಗೋಲಿನಲ್ಲಿ ಗೋಲ್ ಕೀಪರುಗಳಿಗೇ ಬೇರೆ ಒಬ್ಬಳು ಕೋಚ್ ಇದ್ದಳು, ತಲೆಕೂದಲು ಎತ್ತಿ ಕಟ್ಟಿದ ಸಣ್ಣ ಪ್ರಾಯದ ಹುಡುಗಿ. ಅವಳು ಕಲಿಸುತ್ತಿದ್ದದ್ದು ಬೀಳುವುದನ್ನು. ಮೊದಲು ಮೊಣಕಾಲಿನ ಬದಿ, ಆಮೇಲೆ ಸೊಂಟದ ಬದಿ, ಆಮೇಲೆ ಭುಜ. ನಿಧಾನಕ್ಕೆ ತಾನು ಬಿದ್ದು ತೋರಿಸುವಳು, ಆಮೇಲೆ ನಮ್ಮವಳು ಬೀಳುವಳು, ಎದ್ದು ನಗುವಳು. ಮಗು ನಡೆಯಲು ಕಲಿಯುವಾಗ ನಾನು ಅವಳನ್ನು ಬೀಳದ ಹಾಗೆ ಹಿಡಿದುಕೊಂಡಿದ್ದೆ. ಇವಳು ಯಾರೋ ಬೀಳಿಸಿ ಬೀಳಿಸಿ ನಗಿಸುತ್ತಿದ್ದಾಳೆ ಎಂದು ಆ ಕೋಚ್ ಹುಡುಗಿಯ ಮೇಲೂ ನನಗೆ ಉರಿ ಬಂತು.

ನೀರು ಕುಡಿಯಲು ಬಿಟ್ಟಾಗ ಹುಡುಗಿ ಓಡಿ ಬಂದಳು. ನನ್ನ ಚೀಲದಲ್ಲಿ ಸ್ಟೀಲ್ ಡಬ್ಬಿಯಲ್ಲಿ ಬೆಲ್ಲದ ಅವಲಕ್ಕಿ ಇತ್ತು. ನಾನು ಚೀಲದ ಗಂಟು ಬಿಚ್ಚುವಷ್ಟರಲ್ಲಿ ಟೀಚರ್ ನಿಂಬೆ ಶರಬತ್ತಿನ ಬಾಟಲಿಯನ್ನು ಮುಚ್ಚಳ ತೆಗೆದೇ ಹಿಡಿದಿದ್ದರು. ಅವಳು ಗಟಗಟನೆ ಕುಡಿದು, "ಅಜ್ಜಿ, ನೀವೂ ಬಂದ್ರಾ! ನೋಡಿದ್ರಾ? ಇಲ್ಲಿ ಬಿದ್ರೆ ನೋಯುವುದೇ ಇಲ್ಲ ಅಜ್ಜಿ!" ಎಂದು ಹೇಳಿ ವಾಪಸ್ ಓಡಿದಳು.

ಡಬ್ಬಿ ಹೋದ ಹಾಗೆಯೇ ಬಸ್ಸಿನಲ್ಲಿ ನನ್ನ ಮಡಿಲಲ್ಲಿ ಕೂತು ವಾಪಸ್ ಬಂತು. ಇಲ್ಲಿ ಬಿದ್ದರೆ ನೋಯುವುದಿಲ್ಲ. ಅವಳು ಹೇಳಿದ್ದು ಸತ್ಯ ಎಂದು ಎಣ್ಣೆ ಹಚ್ಚಿದ ನನ್ನ ಕೈಗೆ ಗೊತ್ತಿತ್ತು. ಗೊತ್ತಿದ್ದರೂ ಅವಳನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಮಣ್ಣಿಗೆ ಸ್ವಲ್ಪ ಮರಳು ಹಾಕಿಸಿದರೆ ಆಗದೇ, ಸೊಂಟಕ್ಕೆ ದಪ್ಪ ಬಟ್ಟೆ ಹೊಲಿದು ಕೊಟ್ಟರೆ ಆಗದೇ ಎಂದೆಲ್ಲ ಯೋಚಿಸಿದೆ.

ಮಗಳ ಹತ್ತಿರ ಬಾಯಿಬಿಟ್ಟು ಹೇಳಲು ನನ್ನಿಂದಾಗಲಿಲ್ಲ. "ಅಮ್ಮ, ನಿಮಗೆ ಹೊಟ್ಟೆಕಿಚ್ಚಾ?" ಎಂದು ಕೇಳಿದರೆ ಏನು ಹೇಳುವುದು? ಅದಕ್ಕೆ ನಮ್ಮಲ್ಲಿ ಹೆಂಗಸರು ಯಾವಾಗಲೂ ಮಾಡುವುದನ್ನೇ ಮಾಡಿದೆ. ತಮ್ಮನನ್ನು ಕರೆಸಿದೆ. ನಮ್ಮ ಮನೆತನಗಳಲ್ಲಿ ಸೋದರಮಾವನ ಮಾತಿಗೆ ಎದುರು ಮಾತಿಲ್ಲ. ಮಗಳ ಕಾಲೇಜು, ಮದುವೆ, ಎಲ್ಲಕ್ಕೂ ಕೊನೆಯ ಮಾತು ಹೇಳಿದ್ದು ಅವನೇ. ದುಬೈಯ ಹೋಟೆಲಿನಲ್ಲಿ ದುಡಿದು ಬಂದು ಈಗ ಕಾರಿಟ್ಟುಕೊಂಡು ಆರಾಮವಾಗಿದ್ದಾನೆ, ಮನೆಯೂ ಬಿಜೈಯಿಂದ ದೂರವಿಲ್ಲ.

ಆದರೆ ಅಕ್ಕ ತಮ್ಮನಿಗೆ ತೀರ್ಪು ಹೇಳಿಕೊಡುವ ಕ್ರಮವಿಲ್ಲ. ಕರೆಯುವುದಷ್ಟೇ ಅಕ್ಕನ ಕೆಲಸ. ನಮ್ಮ ತಾಯಿಯೂ ಹಾಗೆಯೇ. ಅವರಿಗೆ ಬೇಕಾದದ್ದನ್ನು ಅವರ ತಮ್ಮ ಹೇಗೋ ತಿಳಿದುಕೊಂಡು ಹೇಳುತ್ತಿದ್ದರು. ನಾನೂ ಫೋನಿನಲ್ಲಿ "ಒಮ್ಮೆ ಎರಡೂ ಕಡೆ ಹೋಗಿ ನೋಡು ಮಾರಾಯ, ನೀನು ಹೇಳಿದ ಹಾಗೆ" ಎಂದೆ. "ಭಾನುವಾರ ಊಟಕ್ಕೆ ಬಾ, ಕೋರಿ ರೊಟ್ಟಿ ಮಾಡ್ತೇನೆ" ಎಂದೂ ಹೇಳಿದೆ. ಊರಿನ ಕೋಳಿಯ ಸಾರು ಮಾಡಿ ಕರೆಯುತ್ತಿದ್ದೇನೆ ಎಂದರೆ ನನ್ನ ಮನಸ್ಸು ಯಾವ ಕಡೆ ಇದೆ ಎಂದು ಅವನಿಗೆ ತಿಳಿಯದೆ ಇರುತ್ತದೆಯೇ? ತಿಳಿಯುತ್ತದೆ ಎಂದೇ ನಂಬಿದ್ದೆ.

ಭಾನುವಾರ ಎಲ್ಲರೂ ನನ್ನ ಮನೆಯಲ್ಲಿ ಸೇರಿದರು. ಟೀಚರೂ ಬಂದರು. ತಮ್ಮ ಮೂರನೆಯ ಸಲ ಸಾರು ಹಾಕಿಸಿಕೊಂಡು ಕೈ ತೊಳೆದು ಬಂದು, ಹಾಲ್‌ನ ದೊಡ್ಡ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ನೋಡು ಮಗಾ," ಎಂದ ನನ್ನ ಮಗಳಿಗೆ, "ನಾನು ಎರಡೂ ನೋಡಿದೆ. ಇಲ್ಲಿಯ ಮಕ್ಕಳು ಒಳ್ಳೆಯವರೇ. ಆದ್ರೆ ಗೋಲಿನಲ್ಲಿ ನಿಂತವಳಿಗೆ ಇಲ್ಲಿ ಕಲಿಸುವವರು ಯಾರೂ ಇಲ್ಲ. ಬಾಲು ಬಂದ್ರೆ ಹಿಡಿ, ಹೋದ್ರೆ ಬೈಸಿಕೊ, ಅಷ್ಟೇ. ಅಲ್ಲಿ ಬೀಳ್ಲಿಕ್ಕೆ ಕಲಿಸುವುದಕ್ಕೇ ಒಬ್ಬಳು ಇದ್ದಾಳೆ. ಬಿಜೈಯೇ. ಇನ್ನು ಅದರ ಮೇಲೆ ಮಾತು ಬೇಡ."

"ಮಾಮ ಹೇಳಿದ ಮೇಲೆ ಇನ್ನೆಂತ ಉಂಟು" ಎಂದ ಅಳಿಯ.

"ನಾನು ಆವಾಗಿಂದ ಅದನ್ನೇ ಹೇಳ್ತಾ ಇದ್ದೆ," ಎಂದರು ಟೀಚರ್, ಮುಖ ಅರಳಿಸಿಕೊಂಡು. "ಆದ್ರೆ ಅಪ್ಪನ ಅಮ್ಮ ಹೇಳಿದ್ರೆ ಬೇರೆ ಅರ್ಥ ಬರ್ತದೆ. ನೀವು ಹೇಳಿದ್ರೆ ಅದು ಗಟ್ಟಿ."

ನಾನು ಕರೆಸಿದ ಮನುಷ್ಯ, ನನ್ನ ಮನೆಯ ಕ್ರಮ, ನನ್ನ ಕೋಳಿ ಸಾರು. ಎಲ್ಲವೂ ಅವರ ಪಾಲಿಗೆ ಹೋಯಿತು. ಆಗ ತಮ್ಮ ನನ್ನ ಕಡೆ ತಿರುಗಿ ಬಹಳ ಪ್ರೀತಿಯಿಂದ ಹೇಳಿದ:

"ಅಕ್ಕನಿಗೂ ಒಳ್ಳೆಯದಾಯ್ತು. ಇನ್ನು ದಿನಾ ಸಂಜೆ ಒಲೆಯ ಮುಂದೆ ನಿಲ್ಲುವ ಕೆಲಸ ಇಲ್ಲ. ಆರಾಮ ಉಂಟು."

"ನನಗೆ ಆರಾಮ ಬೇಡ" ಎಂದೆ.

ಎಲ್ಲರೂ ನನ್ನನ್ನೇ ನೋಡಿದರು. ಸ್ವರ ನನ್ನದೇ ಎಂದು ನನಗೂ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಒಳಗೆ ಹೋಗಿಬಿಡೋಣ ಎನ್ನಿಸಿತು, ಆದರೆ ಕಾಲು ಹೋಗಲಿಲ್ಲ. ಟೀಚರ್ ತಲೆ ಓರೆ ಮಾಡಿ, ತಡವರಿಸುವ ಮಕ್ಕಳನ್ನು ತರಗತಿಯಲ್ಲಿ ನೋಡುವ ಹಾಗೆ ದಯೆಯಿಂದ ನನ್ನನ್ನು ನೋಡುತ್ತಿದ್ದರು. ಆ ದಯೆಯೇ ನನ್ನ ಬಾಯಿ ತೆರೆಸಿತು.

"ಹೆಣ್ಣನ್ನು ಕೊಟ್ಟವರು ಮೊದಲ ವರ್ಷ ಮಳೆಗಾಲದ ಆಟಿ ತಿಂಗಳಿಗೆ ತಾಯಿಮನೆಗೆ ಕರ್ಕೊಂಡು ಬರ್ಬೇಕಲ್ಲ," ಎಂದೆ ತಮ್ಮನಿಗೆ. "ನನ್ನನ್ನು ಕೊಟ್ಟ ವರ್ಷ ನಮ್ಮ ಸೋದರಮಾವ ಮಳೆಯಲ್ಲಿ ಬಂದು ಕರ್ಕೊಂಡು ಹೋಗಿರ್ಲಿಲ್ವಾ? ಈಗ ಇವಳನ್ನು ಬಿಜೈಗೆ ಕೊಟ್ಟದ್ದು ನೀನು. ಕರ್ಕೊಂಡು ಬರುವುದೂ ನೀನೇ. ವಾರಕ್ಕೆ ಎರಡು ಸಂಜೆ, ಆಟ ಮುಗಿದ ಕೂಡ್ಲೇ, ನಿನ್ನ ಕಾರಿನಲ್ಲಿ, ಸೀದಾ ನನ್ನ ಮನೆಗೆ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅಮ್ಮ, ಅವಳಿಗೆ ಮದುವೆ ಆದದ್ದಲ್ಲ! ಫುಟ್‌ಬಾಲ್ ಕ್ಲಬ್ಬಿಗೆ ಸೇರುವುದು!" ಆದರೆ ಗಟ್ಟಿಯಾಗಿ ನಕ್ಕಳು, ಫೋನಿನಲ್ಲಿ ನಗುತ್ತಾಳಲ್ಲ, ಹಾಗೆ. ಆ ನಗು ನನ್ನ ಮಾತಿಗೆ ಬಂದದ್ದು.

"ನನಗೆ ಆಟಿ ಬೇಕು!" ಎಂದು ಹುಡುಗಿ ಕುಣಿದಳು. "ವಾರಕ್ಕೆ ಎರಡು ಆಟಿ!"

"ಕಾರಿಗೆ ಪೆಟ್ರೋಲು ಯಾರು ಹಾಕುವುದು?" ಎಂದ ತಮ್ಮ.

"ಮೂರು ಸಲ ಸಾರು ಹಾಕಿಸಿಕೊಂಡವರು" ಎಂದೆ.

ಅವನಿಗೆ ಇಲ್ಲ ಎನ್ನಲು ದಾರಿ ಇರಲಿಲ್ಲ. ಕೊಡುವ ಮಾತನ್ನು ಕ್ರಮದ ಹೆಸರಿನಲ್ಲಿ ಆಡಿದವನು ಕರೆತರುವ ಮಾತಿಗೆ ಹಿಂದೆ ಸರಿದರೆ ಹೇಗೆ? "ಆಯ್ತು ಮಾರಾಯ್ತಿ, ಬುಧವಾರ ಮತ್ತೆ ಶುಕ್ರವಾರ" ಎಂದ. ಟೀಚರ ಮುಖದ ಅರಳಿದ ನಗು ಸ್ವಲ್ಪ ಚಿಕ್ಕದಾದದ್ದನ್ನು ನಾನು ನೋಡಿದೆ. ಚೆನ್ನಾಗಿಯೇ ನೋಡಿದೆ.

ಮೊದಲ ಬುಧವಾರ ಮಧ್ಯಾಹ್ನದಿಂದಲೇ ನಾನು ಅಡುಗೆಮನೆಯಲ್ಲಿದ್ದೆ. ಕತ್ತಲಾದ ಮೇಲೆ ತಮ್ಮನ ಕಾರು ಗೇಟಿನಲ್ಲಿ ನಿಂತಿತು. ಹಿಂದಿನ ಬಾಗಿಲಿನಿಂದ ಹುಡುಗಿ ಜಿಗಿದಳು. ಮುಂದಿನ ಬಾಗಿಲಿನಿಂದ, ಸೀಟಿನ ಬೆನ್ನು ಹಿಡಿದುಕೊಂಡು, ನಿಧಾನವಾಗಿ ಟೀಚರ್ ಇಳಿದರು.

"ಆಡಿ ಸುಸ್ತಾದ ಮಗುವನ್ನು ಹಾಗೇ ಕಳಿಸುವುದು ಹೇಗೆ ಅಂತ ನಾನೂ ಬಂದೆ" ಎಂದರು. "ಇವಳು ನಿಮ್ಮ ಗೋಳಿಬಜೆ ಗೋಳಿಬಜೆ ಅಂತ ನನ್ನ ಮನೆಯಲ್ಲಿ ಬ್ರೆಡ್ಡು ಮುಟ್ಟುವುದೇ ಇಲ್ಲ. ಎಂತ ಉಂಟು ನೋಡುವಾ ಅಂತ."

ಬ್ರೆಡ್ಡು ಮುಟ್ಟುವುದಿಲ್ಲ ಎನ್ನುವಾಗ ಅವರ ಸ್ವರದಲ್ಲಿ ಇದ್ದದ್ದು ಏನು ಎಂದು ಬೇರೆ ಯಾರಿಗೂ ತಿಳಿಯಲಿಕ್ಕಿಲ್ಲ. ನನಗೆ ತಿಳಿಯಿತು. ನನಗಿಂತ ಚೆನ್ನಾಗಿ ಅದನ್ನು ತಿಳಿದವರು ಆ ದಿನ ಶಕ್ತಿನಗರದಲ್ಲಿ ಯಾರೂ ಇರಲಿಲ್ಲ. ಹಾಗೆಂದು ಅವರ ಮೇಲೆ ನನಗೆ ಪ್ರೀತಿ ಉಕ್ಕಿತು ಎಂದು ನೀವು ತಿಳಿಯಬೇಡಿ. ನನ್ನ ಎರಡು ಸಂಜೆಗಳಿಗೂ ಬಂದರಲ್ಲ ಎಂದೇ ಅನ್ನಿಸಿತು.

ಹುಡುಗಿ ಜಗಲಿಯ ಮೆಟ್ಟಿಲಲ್ಲಿ ಕೂತು ಎರಡೂ ಕಾಲುಗಳನ್ನು ಮುಂದೆ ಚಾಚಿದಳು. ಬೂಟಿನ ದಾರ ಬೆವರಿಗೆ ಬಿಗಿದು ಕಲ್ಲಾಗಿತ್ತು. ಟೀಚರ್ ಎಡಗಾಲಿನ ಹತ್ತಿರ ಕೂತರು, ನಾನು ಬಲಗಾಲಿನ ಹತ್ತಿರ. ತಮ್ಮ ಗೇಟಿಗೆ ಒರಗಿ, "ಯಾರು ಫಸ್ಟ್ ನೋಡುವಾ" ಎಂದ. ನಾವಿಬ್ಬರೂ ಅವನ ಕಡೆ ನೋಡಲಿಲ್ಲ, ತಲೆ ತಗ್ಗಿಸಿ ಗಂಟು ಬಿಚ್ಚುವುದರಲ್ಲಿದ್ದೆವು. ನನ್ನ ಕೈಯಲ್ಲಿದ್ದ ಬೂಟು ಕಳಚಿ ಬಂತು, ಅದರೊಳಗಿನಿಂದ ಬಿಜೈಯ ಟರ್ಫಿನ ಕಪ್ಪು ರಬ್ಬರಿನ ಹುಡಿ ನನ್ನ ಗುಡಿಸಿದ ಮೆಟ್ಟಿಲ ಮೇಲೆಲ್ಲ ಸುರಿಯಿತು. ಟೀಚರ್ ಇನ್ನೂ ಉಗುರಿನಿಂದ ಗಂಟನ್ನು ಕೆದಕುತ್ತಿದ್ದರು. ನಾನು ಸಹಾಯ ಮಾಡಲಿಲ್ಲ. ಹುಡುಗಿಯ ಒಂದು ಬರಿಗಾಲನ್ನು ಮಡಿಲಲ್ಲಿ ಇಟ್ಟುಕೊಂಡು, ಅವರದ್ದು ಮುಗಿಯಲಿ ಎಂದು ಸುಮ್ಮನೆ ಕೂತೆ.